ಐದು-ಎಂಟು, ಎಂಟು-ಐದು

ಮೆಣಸಿನ ಬೀಜ ತಗಡಿನ ಟ್ರೇಗೆ ಬೀಳುವ ಸದ್ದು ಮೊದಲು ನೆನಪಾಗುತ್ತದೆ. ರಾಣೇಬೆನ್ನೂರಿನ ನಮ್ಮ ಬೀಜದ ಕಂಪನಿಯ ಲ್ಯಾಬ್‌ನಲ್ಲಿ ದೊಡ್ಡ ಆಲಿಕೆಯಂಥ ಒಂದು ಸಲಕರಣೆ ಇತ್ತು. ಡಿವೈಡರ್ ಅನ್ನುತ್ತಿದ್ದೆವು. ಮೇಲಿಂದ ಬೀಜ ಸುರಿದರೆ ಒಳಗೇ ಸೀಳಿಕೊಂಡು ಕೆಳಗಿನ ಎರಡು ಟ್ರೇಗಳಿಗೆ ಸಮಸಮ ಬೀಳುತ್ತಿತ್ತು. ಸುರ್ರ್ ಅಂತ ಶುರುವಾಗಿ, ಕಡೆಗೆ ನಾಲ್ಕಾರು ಕಾಳು ಟಿಕ್ ಟಿಕ್ ಅಂದು ಸುಮ್ಮನಾಗುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಬಾಗಿಲಲ್ಲಿ ನಿಂತು ಇಡೀ ಕ್ಲಾಸಿಗೆ ‘ಶ್ಶ್’ ಅನ್ನುತ್ತಿದ್ದರಲ್ಲ, ಥೇಟ್ ಹಾಗೆ. ಆ ಸದ್ದು ಕೇಳಿದರೆ ಇವತ್ತಿಗೂ ಬೆನ್ನು ನೆಟ್ಟಗಾಗುತ್ತದೆ.

ಒಂದು ಟ್ರೇದ ಬೀಜ ಪರೀಕ್ಷೆಯ ಹೊಲಕ್ಕೆ ಹೋಗುತ್ತಿತ್ತು. ಇನ್ನೊಂದನ್ನು ಸೀಲ್ ಮಾಡಿ ಕಪಾಟಿನಲ್ಲಿಡುತ್ತಿದ್ದೆವು, ನಾಳೆ ತಕರಾರು ಬಂದರೆ ಇರಲಿ ಅಂತ. ಹೈಬ್ರಿಡ್ ಮೆಣಸಿನ ಬೀಜದ ಕೆಲಸ ಅದು. ನಮ್ಮ ಸೀಮೆಯಲ್ಲಿ ಇದು ಪೂರಾ ಹೆಣ್ಣುಮಕ್ಕಳ ಕೈಕೆಲಸ. ಸಂಜೆ, ನಾಳೆ ಅರಳಬೇಕಾದ ಮೊಗ್ಗನ್ನು ಇಕ್ಕಳದಿಂದ ಬಿಡಿಸಿ ಒಳಗಿನ ಗಂಡು ಎಳೆಗಳನ್ನು ಕಿತ್ತು ಹಾಕಬೇಕು. ಮರುದಿನ ಬೆಳಗ್ಗೆ ಬೇರೆ ತಳಿಯ ಗಂಡು ಹೂವಿನ ಪುಡಿ ಮುಟ್ಟಿಸಬೇಕು. ಆಮೇಲೆ ತೊಟ್ಟಿಗೆ ಒಂದು ಕೆಂಪು ನೂಲು. ನೂಲು ಕಟ್ಟಿದ ಕಾಯಿ ಮಾತ್ರ ಬೀಜಕ್ಕೆ. ಇಷ್ಟಕ್ಕೂ ಎಲ್ಲರೂ ಹೇಳುವ ಒಂದೇ ಮಾತು, ಕ್ರಾಸಿಂಗ್. ಮೊಗ್ಗು ಬಿಡಿಸುವಾಗ ಒಂದು ಎಳೆ ಉಳಿದರೂ ಹೂವು ತನಗೆ ತಾನೇ ಕಟ್ಟಿಕೊಳ್ಳುತ್ತದೆ. ಅಂಥ ಬೀಜದಿಂದ ಹೈಬ್ರಿಡ್ ಗಿಡ ಬರುವುದಿಲ್ಲ, ತಾಯಿ ಗಿಡವೇ ಬರುತ್ತದೆ. ನೋಡಿದರೆ ಬೀಜದಲ್ಲಿ ಫರಕು ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಲಾಟಿನ, ಅಂದರೆ ಒಂದೊಂದು ಹೊಲದ ರಾಶಿಯ, ಸ್ವಲ್ಪ ಬೀಜ ಹಚ್ಚಿ, ಗಿಡ ಕಾಯಿ ಬಿಡುವ ತನಕ ಕಾದು, ತಪ್ಪು ಗಿಡ ಎಷ್ಟು ಅಂತ ಎಣಿಸುವುದು. ಮಿತಿ ಮೀರಿದರೆ ಲಾಟು ಫೇಲ್. ಫೇಲಾದ ಬೀಜಕ್ಕೆ, ಯಾರೂ ಬಳಸದಂತೆ, ಬಣ್ಣ ಕಲಸಿ ಹೂಳುತ್ತಾರೆ. ಬೆಳೆದವರಿಗೆ ಮುಂದಿನ ಹಂಗಾಮಿಗೆ ಕಂಪನಿ ಗಂಡು-ಹೆಣ್ಣು ತಳಿಯ ಬೀಜ ಕೊಡುವುದಿಲ್ಲ. ಅವರ ಕೈಕೆಳಗೆ ಕ್ರಾಸಿಂಗ್ ಮಾಡಿದ ಹೆಣ್ಣುಮಕ್ಕಳನ್ನೂ ಬೇರೆ ಯಾರೂ ಕರೆಯುವುದಿಲ್ಲ. ‘ಅವರ ಕೈ ಹೊಲಸು’ ಅಂತ ಒಂದು ಮಾತು ಬಿತ್ತೆಂದರೆ ಆಯಿತು.

ನಾನು ಅಲ್ಲಿ ರೆಕಾರ್ಡ್ಸ್ ನೋಡಿಕೊಳ್ಳುತ್ತಿದ್ದೆ. ವಯಸ್ಸಾಗಿತ್ತು, ಕರಾರಿನ ಮೇಲೆ ಇಟ್ಟುಕೊಂಡಿದ್ದರು. ಆ ಹಂಗಾಮಿನ ರಿಪೋರ್ಟ್ ಹೊರಬೀಳುವ ಹೊತ್ತಿಗೆ ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದೆ. ವಾಪಸ್ ಬಂದ ದಿನ ನನ್ನ ಟೇಬಲ್ಲಿನ ಎದುರಿನ ಬೆಂಚಿನಲ್ಲಿ ಹಲಗೇರಿಯ ಆಪಾ ಕೂತಿದ್ದರು.

ಆಪಾ, ಅಂದರೆ ಅಕ್ಕ, ಅಂತ ಎಲ್ಲರೂ ಕರೆಯುತ್ತಿದ್ದರು, ಹಿಂದೂ-ಮುಸಲ್ಮಾನ ಅಂತಿಲ್ಲ. ಸ್ವಂತ ಹೊಲದಲ್ಲಿ ಬೀಜ ಮಾಡುತ್ತಿದ್ದರು. ಊರಿನ ಒಂದು ಗುಂಪು ಹೆಣ್ಣುಮಕ್ಕಳಿಗೆ ಕ್ರಾಸಿಂಗ್ ಕಲಿಸಿ ಕಟ್ಟಿದ್ದರು. ಶಿಸ್ತು ಅಂದರೆ ಶಿಸ್ತು. ಅವರ ಹೊಲದಲ್ಲಿ ಹಾಡು ಹೇಳಬಹುದು, ಮಾತಾಡುವಂತಿಲ್ಲ. ಮಾತಾಡಿದರೆ ಕೈ ತಪ್ಪುತ್ತದಂತೆ, ಹಾಡಿದರೆ ತಪ್ಪುವುದಿಲ್ಲವಂತೆ.

“ಕಣ್ಣು ಆರಾಮ ಆತೇನ್ರಿ ಬಾಯಾರ?” ಅಂದರು.

“ಆತು ಆಪಾ. ಎಲ್ಲಾ ಭಾಳ ಬೆಳ್ಳಗ ಕಾಣಸ್ತದ. ಕನ್ನಡಿ ನೋಡ್ಕೊಂಡು ನಾನೇ ಹೆದರೀನಿ.”

ಅವರು ನಗಲಿಲ್ಲ. “ನಮ್ಮ ಲಾಟ್ ಫೇಲ್ ಆಗೇತ್ರಿ.”

ನನಗೆ ಗೊತ್ತಿರಲಿಲ್ಲ. ರಿಪೋರ್ಟ್ ತೆಗೆದು ನೋಡಿದೆ. ಹೌದು, ಫೇಲ್. ಸ್ವಲ್ಪ ಅಲ್ಲ, ಬಹಳ ಕೆಟ್ಟದಾಗಿ ಫೇಲ್. ಬೀಜಕ್ಕೆ ಆಗಲೇ ಬಣ್ಣ ಹಾಕಿ ಬ್ಯಾಡಗಿ ಗೋಡೌನಿನ ಹಿಂದೆ ಹೂತದ್ದೂ ಆಗಿತ್ತು.

“ನಾ ತಕರಾರ ಮಾಡಾಕ ಬಂದಿಲ್ರಿ,” ಅಂದರು ಆಪಾ. “ಒಂದು ಮಾತು ಕೇಳಾಕ ಬಂದೇನಿ. ಯಾ ಸಾಲಿನ್ಯಾಗ ತಪ್ಪಾತು ಅಂತ ನಿಮ್ಮ ಕಂಪ್ಯೂಟರ್ ಹೇಳತೈತೇನ್ರಿ?”

“ಇಲ್ರೀ, ಲಾಟಿಂದಷ್ಟ ಹೇಳ್ತದ. ಯಾಕ?”

“ನಮ್ಮ ಅಣ್ಣನ ಮಗಳು ಈ ವರ್ಷ ಹೊಸದಾಗಿ ಬಂದಿದ್ಲು. ಹೊಸರಿತ್ತಿಗೆ ಕೊಟ್ಟಿದ್ವಿ, ಕ್ರಾಸಿಂಗ್‌ಗಂತ ನಮ್ಮನ್ಯಾಗ ಬಂದಿದ್ಲು. ಕೈ ಭಾಳ ಚುರುಕು ಆಕೀದು. ಅಷ್ಟು ಚುರುಕು ಇದ್ರ ಕೆಲಸ ಶುದ್ಧ ಇರತೈತೇನು? ಬ್ಯಾರೆ ಎಲ್ಲಾರು ಹಳಬರು. ಆಕೀನ ಅಂತ ನಾ ಎಲ್ಲಾರ ಮುಂದ ಅಂದ್ಬಿಟ್ಟೇನಿ. ಗಂಡನ್ನ ಕರಸಿ ಕಳಿಸಿಬಿಟ್ಟೇನಿ. ಈಗ ಖಾತ್ರಿ ಮಾಡ್ಕೊಬೇಕಾಗೇತಿ.”

ರಿಪೋರ್ಟಿನ ಮೇಲೆ ಆಕೆಗೆ ಒಂದಿಷ್ಟೂ ಸಂಶಯವಿರಲಿಲ್ಲ. ಅದೇ ನನ್ನನ್ನು ಹಿಡಿದು ನಿಲ್ಲಿಸಿತು. ಜಗಳಕ್ಕೆ ಬಂದಿದ್ದರೆ ನಾನು ರೂಲ್ಸ್ ಓದಿ ಹೇಳಿ ಕಳಿಸುತ್ತಿದ್ದೆನೋ ಏನೋ. ನೋಡಿ ಹೇಳುತ್ತೇನೆ ಅಂದೆ. ಅವರು ಚೀಲ ತಗೊಂಡು ಎದ್ದರು. ಚೀಲದ ಬಾಯಿಯಲ್ಲಿ ಆ ಕೆಂಪು ನೂಲಿನ ಉಂಡಿ ಕಾಣುತ್ತಿತ್ತು.

ಇಲ್ಲಿ ನಮ್ಮ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಬೆಳೆದವರೆಲ್ಲ ಬೀಜ ಮೊದಲು ತಂದು ಹಾಕುವುದು ಬ್ಯಾಡಗಿಯ ಗೋಡೌನಿಗೆ. ಅಲ್ಲಿ ಒಬ್ಬ ಕಂಪ್ಯೂಟರ್ ನೋಡಿಕೊಳ್ಳುವವನು ಯಾರ ಲಾಟು, ಯಾವ ನಂಬರು ಅಂತ ಎಂಟ್ರಿ ಮಾಡುತ್ತಿದ್ದ. ಇಬ್ಬರು ಮಕ್ಕಳ ತಂದೆ, ಒಳ್ಳೆಯವ, ಎಕ್ಸೆಲ್‌ನಲ್ಲಿ ಕೈ ಪಳಗಿದೆ ಅಂತ ಎಲ್ಲರೂ ಮಾಸ್ತರ್ ಅನ್ನುತ್ತಿದ್ದರು. ಪರೀಕ್ಷೆಯ ಹೊಲದ ಎಣಿಕೆ ರಾಣೇಬೆನ್ನೂರಿನ ಕಂಪ್ಯೂಟರಿಗೆ ಹತ್ತುತ್ತಿತ್ತು. ಎರಡೂ ಶೀಟುಗಳನ್ನು ಹಾವೇರಿಯ ಆಫೀಸಿಗೆ ಕಳಿಸಿದರೆ, ಅಲ್ಲಿ ಲಾಟ್ ನಂಬರ್ ಹಿಡಿದು ಒಂದಕ್ಕೊಂದು ಜೋಡಿಸಿ ರಿಪೋರ್ಟ್ ತೆಗೆಯುವುದು. ಜೋಡಿಸುವ ಫಾರ್ಮುಲಾ ಬರೆದವನೂ ಮಾಸ್ತರನೇ.

ಲಾಟ್ ನಂಬರ್ ಅಂದರೆ ಮೊದಲು ಊರಿನ ನಂಬರ್, ನಡುವೆ ಒಂದು ಗೀಟು, ಆಮೇಲೆ ಹೊಲದ ನಂಬರ್. ಹಲಗೇರಿ ಐದನೆಯ ಊರು, ಆಪಾರದು ಎಂಟನೆಯ ಹೊಲ: ಐದು-ಎಂಟು. ಹೊಲದಲ್ಲಿ, ಟ್ರ್ಯಾಕ್ಟರಿನ ಮೇಲೆ, ಚಹಾದಂಗಡಿಯಲ್ಲಿ ಎಲ್ಲ ಹಾಗೆಯೇ ಮಾತು. “ಐದು-ಎಂಟು ಬಂತೇನು?” “ಇನ್ನೂ ಬಂದಿಲ್ರಿ, ದಾರ್‍ಯಾಗೈತಿ.” ಬಾಯಲ್ಲಿ ಹೇಗೋ ಚೀಲದ ಮೇಲೂ ಹಾಗೆ, ಕಂಪ್ಯೂಟರಿನಲ್ಲೂ ಹಾಗೆ.

ಈ ಕೆಲಸಕ್ಕೆಂದೇ ಮಾಡಿದ ಸಾಫ್ಟ್‌ವೇರ್ ಒಂದನ್ನು ಕಂಪನಿ ತಂದಿತ್ತು, ಅದನ್ನೂ ಹೇಳಬೇಕು. ಸ್ಯಾಂಪಲ್ ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲವನ್ನೂ ಬಾರ್‌ಕೋಡಿನ ಮೇಲೆ ಕಾಯುವಂಥದು. ನಡುವಿನ ಒಂದು ಹೆಜ್ಜೆ ಬಿಟ್ಟರೆ ಮುಂದಿನ ಪುಟವೇ ತೆರೆಯುವುದಿಲ್ಲ. ಹೇಳಿಕೊಡಲು ಒಬ್ಬರು ಬಂದು ಒಂದು ದಿನ ಇದ್ದು ಹೋದರು. ಆಮೇಲೆ ಎಲ್ಲರೂ ಅದಕ್ಕೆ ಹೆಸರಿಟ್ಟರು, ಅತ್ತಿ, ಅಂದರೆ ಅತ್ತೆ. “ಎಲ್ಲಿ ಹೋಗಿದ್ದಿ, ಯಾರ್ ಜೋಡಿ ಹೋಗಿದ್ದಿ, ಎಷ್ಟೊತ್ತಿಗೆ ಬಂದಿ, ಎಲ್ಲಾ ಕೇಳ್ತಾಳ್ರಿ ಮೇಡಂ! ಮನ್ಯಾಗೊಬ್ಬಾಕಿ ಅದಾಳ, ಇಲ್ಲೂ ಒಬ್ಬಾಕಿ ಯಾಕ?” ಅಂದಿದ್ದ ಮಾಸ್ತರ್. ಸ್ಟಿಕ್ಕರ್ ಪ್ರಿಂಟರ್ ಅದರ ಥರ್ಮಾಕೋಲಿನಲ್ಲೇ ಉಳಿದಿತ್ತು. ಮೀಟಿಂಗ್ ಇದ್ದಾಗ ಅದರ ಮೇಲೆ ಚಹಾದ ತಟ್ಟೆ ಇಡುತ್ತಿದ್ದರು.

ಆಪಾ ಹೋದ ಮೇಲೆ ಹಾವೇರಿಯಿಂದ ಆ ಜೋಡಿಸಿದ ಶೀಟ್ ತರಿಸಿ ತೆರೆದೆ. ಹೊಸ ಕಣ್ಣಿಗೆ ಸ್ಕ್ರೀನ್ ಹಾಲಿನಷ್ಟು ಬೆಳ್ಳಗಿತ್ತು. ಕಾನ್ವೆಂಟಿನಲ್ಲಿ ನಮಗೆ ಮಾರ್ಜಿನ್ ಅಂದರೆ ಪ್ರಾಣ. ಗೆರೆ ದಾಟಿದರೆ ಇಡೀ ಪುಟ ಮತ್ತೆ ಬರೆಯಬೇಕು. ಅದೇ ಖೋಡಿ ರೂಢಿಯಿಂದ ಇರಬೇಕು, ಮೊದಲು ಕಣ್ಣಿಗೆ ಹೊಡೆದದ್ದು ನಂಬರ್ ಅಲ್ಲ, ಅವು ನಿಂತ ರೀತಿ. ಲಾಟ್ ನಂಬರಿನ ಕಾಲಮ್ಮಿನಲ್ಲಿ ಕೆಲವು ಎಡಕ್ಕೆ ಒತ್ತಿ ನಿಂತಿದ್ದವು, ಕೆಲವು ಬಲಕ್ಕೆ. ಹನ್ನೆರಡಕ್ಕಿಂತ ದೊಡ್ಡ ನಂಬರಿನ ಊರುಗಳೆಲ್ಲ ಎಡಕ್ಕೆ. ಸಣ್ಣ ನಂಬರಿನ ಊರುಗಳೆಲ್ಲ ಬಲಕ್ಕೆ. ಹನ್ನೆರಡು ಯಾಕೆ? ಯಾವುದು ಹನ್ನೆರಡು ಇರುತ್ತದೆ?

ಐದು-ಎಂಟರ ಮೇಲೆ ಒತ್ತಿದೆ. ಸೆಲ್ ಅನ್ನುವ ಆ ಸಣ್ಣ ಕೋಣೆಯೊಳಗೆ ಐದು-ಎಂಟು ಅಂತಲೇ ಇತ್ತು. ಆದರೆ ಸ್ಕ್ರೀನಿನ ಮೇಲಿನ ಪಟ್ಟಿಯಲ್ಲಿ ವರ್ಷದ ಸಮೇತ ಒಂದು ತಾರೀಖು ಬಂದು ಕೂತಿತು. ಮೇ ತಿಂಗಳ ಎಂಟನೆಯ ತಾರೀಖು.

ಮಾಸ್ತರಿಗೆ ಫೋನ್ ಮಾಡಿದೆ.

“ಹೌದ್ರಿ ಮೇಡಂ,” ಅಂದ ಖುಷಿಯಿಂದಲೇ. “ಹಂಗಾಮಿನ ಶುರೂಕ ಎಲ್ಲಾ ಲಾಟಿಗೂ ಹುಟ್ಟಿದ ತಾರೀಖು ಬಂದ್ಬಿಟ್ಟಿದ್ವು. ಮೇ, ಜೂನ್, ಆಗಸ್ಟ್. ನಾ ಫಾರ್ಮ್ಯಾಟ್ ಬದಲಿ ಮಾಡಿ ಮೊದಲಿನಂಗ ಕಾಣೂ ಹಂಗ ಮಾಡೇನಿ. ಛಲೋ ಕಾಣಸ್ತಾವಲ್ರಿ?”

ಛಲೋ ಕಾಣುತ್ತಿದ್ದವು. ಅದೇ ಕೆಟ್ಟದ್ದು.

ಗೀಟು ಹಾಕಿ ಎರಡು ಸಣ್ಣ ಅಂಕಿ ಬರೆದರೆ ಎಕ್ಸೆಲ್ ಅದನ್ನು ತಾರೀಖು ಅಂತ ತಿಳಿಯುತ್ತದೆ. ತಿಳಿದದ್ದನ್ನು ಒಳಗಿಟ್ಟುಕೊಂಡು ಮೇಲೆ ನಾವು ಕೇಳಿದ ವೇಷ ಹಾಕಿಕೊಳ್ಳುತ್ತದೆ. ಮಾಸ್ತರ್ ಬದಲಿಸಿದ್ದು ವೇಷ ಮಾತ್ರ. ಇಲ್ಲಿಯ ಕಂಪ್ಯೂಟರಿನಲ್ಲೂ ಅವನು ಹೇಳಿಕೊಟ್ಟಂತೆ ಹಾಗೆಯೇ ಮಾಡಿದ್ದರು. ಇನ್ನು, ರಾಣೇಬೆನ್ನೂರಿನ ಹಳೆಯ ಕಂಪ್ಯೂಟರಿಗೆ ತಾರೀಖಿನಲ್ಲಿ ನಮ್ಮ ಪದ್ಧತಿ, ಮೊದಲು ದಿನ, ಆಮೇಲೆ ತಿಂಗಳು. ಬ್ಯಾಡಗಿಗೆ ಆ ವರ್ಷ ಬಂದ ಹೊಸ ಲ್ಯಾಪ್‌ಟಾಪ್ ಡಬ್ಬಿಯಿಂದ ಹೇಗೆ ಬಂದಿತ್ತೋ ಹಾಗೇ ಇತ್ತು, ಅಮೆರಿಕದ ಪದ್ಧತಿ, ಮೊದಲು ತಿಂಗಳು, ಆಮೇಲೆ ದಿನ. ಬ್ಯಾಡಗಿಯಲ್ಲಿ ಆಪಾರ ಐದು-ಎಂಟು ಬರೆದಾಗ ಅದರ ಹೊಟ್ಟೆಯೊಳಗೆ ಮೇ ಎಂಟು ಹೊಕ್ಕಿತು. ರಾಣೇಬೆನ್ನೂರಿನಲ್ಲಿ ಮೇ ಎಂಟು ಆಗಿದ್ದು ಯಾವುದು? ಎಂಟು-ಐದು. ಎಂಟನೆಯ ಊರಿನ ಐದನೆಯ ಹೊಲ, ಬ್ಯಾಡಗಿಯ ಆಚೆ ಬೇರೆ ಯಾರದೋ ಲಾಟು. ಹಾವೇರಿಯ ಶೀಟು ಹೊಟ್ಟೆ ನೋಡಿ ಜೋಡಿ ಹಚ್ಚಿತು. ಎಂಟು-ಐದರ ಫಲಿತಾಂಶ ತಂದು ಆಪಾರ ಹೆಸರಿಗೆ ಅಂಟಿಸಿತು. ಆಪಾರ ಫಲಿತಾಂಶ ಆ ಎಂಟು-ಐದರವರ ಹೆಸರಿಗೆ.

ಒಂದು ಕಡೆ ತಾರೀಖಾಗಿ ಇನ್ನೊಂದು ಕಡೆ ಆಗದೆ ಜೋಡಿ ಸಿಗದ ಕೆಲವು ಲಾಟುಗಳ ಮುಂದೆ ಶೀಟು ತಾನೇ ‘ಸಿಗಲಿಲ್ಲ’ ಅಂತ ಗುರುತು ತೋರಿಸಿತ್ತು. ಅವನ್ನು ಮಾಸ್ತರ್ ಚೀಲ ನೋಡಿ ಕೈಯಿಂದ ತುಂಬಿದ್ದ, ಸರಿಯಾಗಿಯೇ ತುಂಬಿದ್ದ. ಯಾಕೆ ಸಿಗಲಿಲ್ಲ ಅಂತ ಮಾತ್ರ ಅವನೂ ಕೇಳಲಿಲ್ಲ, ಯಾರೂ ಕೇಳಲಿಲ್ಲ. ತಪ್ಪು ಅಂತ ಕೂಗಿದ ಕಡೆಯಲ್ಲೆಲ್ಲ ಸರಿಯಾಯಿತು. ಸುಮ್ಮನೆ ಕೂತ ಕಡೆ ತಪ್ಪು ಹಾಗೇ ಉಳಿಯಿತು.

ಕಾಗದದ ಮೇಲೆ ಇಷ್ಟು ತಿಳಿದರೂ ನನಗೆ ಸಮಾಧಾನವಿಲ್ಲ. ಪರೀಕ್ಷೆಯ ಹೊಲ ಇನ್ನೂ ನಿಂತಿತ್ತು, ಆ ವಾರ ಕೀಳುವವರಿದ್ದರು. ಆಟೋ ಹಿಡಿದು ಹೋದೆ. ಬಿಸಿಲಿಗೆ ಕಪ್ಪು ಕನ್ನಡಕ, ತಲೆಯ ಮೇಲೆ ಸೆರಗು, ಕೈಯಲ್ಲಿ ಕೋಲು. ಅಲ್ಲಿಯ ಆಳು “ಯಾರೋ ಮಿನಿಸ್ಟರ್ ಬಂದ್ರು ಅಂದ್ಕೊಂಡೆ” ಅಂದ. ಗೂಟದ ಮೇಲಿನ ತಗಡಿನ ಚೀಟಿ ನೋಡುತ್ತಾ ಸಾಲು ಹಿಡಿದು ನಡೆದೆ. ಐದು-ಎಂಟರ ಗೂಟದ ಹಿಂದೆ ಗಿಡಗಳು ಯೂನಿಫಾರ್ಮ್ ಹಾಕಿದ ಮಕ್ಕಳ ಹಾಗೆ ಒಂದೇ ಎತ್ತರ, ಒಂದೇ ಬಗೆಯ ಕಾಯಿ. ತಪ್ಪು ಗಿಡಕ್ಕೆ ಕಟ್ಟುವ ಬಿಳಿ ಪಟ್ಟಿ ಹುಡುಕಿದರೂ ಇಲ್ಲ ಅನ್ನುವಷ್ಟು ಕಡಿಮೆ. ಎಂಟು-ಐದರ ಗೂಟಕ್ಕೆ ಬಂದೆ. ಅಲ್ಲಿ ಬಿಳಿ ಪಟ್ಟಿಗಳು ಒಣಗಲು ಹಾಕಿದ ಬಟ್ಟೆಯ ಹಾಗೆ ತುಂಬಿದ್ದವು.

ಆಪಾರ ಒಳ್ಳೆಯ ಬೀಜ ಮಣ್ಣಾಗಿತ್ತು. ಈ ಕೆಟ್ಟ ಬೀಜ ಪಾಸಾಗಿ ಪ್ಯಾಕೆಟ್ ಆಗುತ್ತಿತ್ತು.

ಮ್ಯಾನೇಜರ್ ಹಾವೇರಿಯಲ್ಲಿ ಕೂರುತ್ತಿದ್ದರು. ಕೆಟ್ಟವರಲ್ಲ. ಆದರೆ ಅದು ಡಿಸ್ಪ್ಯಾಚಿನ ಸಮಯ. ಎಲ್ಲ ಕಡೆಯಿಂದ ಬೀಜ ಬೇಕು, ಬೇಗ ಬೇಕು ಅಂತ ಫೋನು. ನಾನು ಹೇಳಿದ್ದನ್ನು ಪೂರಾ ಕೇಳಿದರು, ನೀರು ಕುಡಿದರು.

“ಎರಡ ಲಾಟ್ ಅಲ್ರೀ ಮೇಡಂ? ಎರಡೂ ಅದಲಿ ಬದಲಿ ಮಾಡಿ ಸರಿ ಮಾಡಿಬಿಡೋಣ.”

“ಎರಡಲ್ಲ ಸರ್. ಹನ್ನೆರಡರೊಳಗಿನ ಊರು, ಹನ್ನೆರಡರೊಳಗಿನ ಹೊಲ, ಅಂಥ ಜೋಡಿ ಎಲ್ಲೆಲ್ಲಿ ಅದ ಅಲ್ಲೆಲ್ಲಾ ಹಿಂಗ ಆಗಿರ್ತದ. ಎಲ್ಲಾ ಪಾಸ್ ಇದ್ದಲ್ಲಿ ಗೊತ್ತಾಗಿಲ್ಲ, ಅಷ್ಟ.”

ಫೋನಿನ ಸ್ಪೀಕರಿನಲ್ಲಿದ್ದ ಮಾಸ್ತರ್ ಅಂದ: “ಕಾಲಮ್ಮಿಗೆ ಟೆಕ್ಸ್ಟ್ ಅಂತ ಹಾಕಿ ಮತ್ತ ಟೈಪ್ ಮಾಡಿಬಿಡ್ತೇನಿ ಸರ್. ಒಂದ ದಿನದ ಕೆಲಸ.”

ಅವನು ಹೇಳಿದ್ದು ಸುಳ್ಳಲ್ಲ, ಈ ರೋಗ ಅದರಿಂದ ನಿಲ್ಲುತ್ತಿತ್ತು. ನನಗೆ ಬೇಡವಾದದ್ದು ಬೇರೆ. ಎಕ್ಸೆಲ್‌ನ ತಪ್ಪು ಅಂತ ನಾನು ಅವತ್ತೂ ಅನ್ನಲಿಲ್ಲ, ಇವತ್ತೂ ಅನ್ನುವುದಿಲ್ಲ. ಅದು ಲೆಕ್ಕ ಹಾಕುವ ಸಾಮಾನು. ಗುರುತು ಕಾಯುವ ಕೆಲಸಕ್ಕೆ ಅದನ್ನು ನಿಲ್ಲಿಸಿದವರು ನಾವು. ಅಲ್ಲಿ ಯಾವ ಕೋಣೆಯಲ್ಲಿ ಯಾರು ಏನು ಬರೆದರೂ ಅದು ಯಾಕೆ ಅಂತ ಕೇಳುವುದಿಲ್ಲ. ಕೇಳುವುದಿಲ್ಲ ಅಂತಲೇ ನಮಗೆಲ್ಲ ಅದು ಇಷ್ಟ. ಕೇಳುವವಳನ್ನು ಡಬ್ಬಿಯಲ್ಲಿಟ್ಟು ಮೇಲೆ ಚಹಾ ಇಟ್ಟಿದ್ದೆವು.

“ಸರ್, ಈ ಶೀಟಿನಿಂದ ಬಂದ ಯಾವ ರಿಪೋರ್ಟಿಗೂ ನಾ ಸೈನ್ ಮಾಡೋದಿಲ್ಲ,” ಅಂದೆ. “ಎಲ್ಲಾ ಲಾಟು ಮೊದಲಿನಿಂದ ಸಾಫ್ಟ್‌ವೇರಿನ್ಯಾಗ ಹತ್ತಬೇಕು. ಚೀಲ ನೋಡಿ, ಗೂಟ ನೋಡಿ. ಅಲ್ಲೀ ತನಕಾ ಡಿಸ್ಪ್ಯಾಚ್ ನಿಲ್ಲಬೇಕು. ಹೋದ ಮಾಲು ವಾಪಸ್ ಕರೀಬೇಕು.”

“ಈ ಟೈಮಿನ್ಯಾಗ?”

“ಈ ಟೈಮಿನ್ಯಾಗ.”

“ಮೇಡಂ, ನಿಮ್ಮದು ಕಾಂಟ್ರ್ಯಾಕ್ಟ್ ರಿನ್ಯೂವಲ್ ಮುಂದಿನ ತಿಂಗಳ ಐತಿ,” ಅಂದರು. ಬೆದರಿಕೆಯ ದನಿಯಲ್ಲಲ್ಲ. ಮಳೆ ಬರುವಂತಿದೆ, ಕೊಡೆ ತಗೊಂಡು ಹೋಗಿ ಅನ್ನುವ ದನಿಯಲ್ಲಿ.

“ಗೊತ್ತದ ಸರ್.”

ಅವರು ಡಿಸ್ಪ್ಯಾಚಿನ ಪಟ್ಟಿ ಮುಂದಕ್ಕೆ ಎಳೆದುಕೊಂಡರು. ರಜೆಯಲ್ಲಿದ್ದಾಗ ನನ್ನ ಬದಲು ಬೇರೆಯವರು ಸಹಿ ಹಾಕಿದ್ದರು, ಈಗ ನನ್ನ ಸಹಿ ಇಲ್ಲದೆ ಮಾಲು ಬಿಡುವಂತಿರಲಿಲ್ಲ. ಬೇರೆಯವರನ್ನು ಕೂರಿಸಬೇಕೆಂದರೆ ಮೇಲಿನವರಿಗೆ ಕಾರಣ ಹೇಳಬೇಕು. ಕಡೆಗೆ ಫೋನ್ ತೆಗೆದು ಲಾರಿಗಳನ್ನು ನಿಲ್ಲಿಸಲು ಹೇಳಿದರು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಪ್ರಿಂಟರನ್ನು ಥರ್ಮಾಕೋಲಿನಿಂದ ಎಬ್ಬಿಸಿ, ಬ್ಯಾಡಗಿಗೆ ಒಯ್ದು ಸ್ಟಿಕ್ಕರ್ ತೆಗೆದೆವು. ಬೀಜದ ಚೀಲ ಬಟ್ಟೆಯದು, ಸ್ಟಿಕ್ಕರ್ ನಿಲ್ಲಲಿಲ್ಲ. ಹಚ್ಚಿದ ಸಂಜೆಗೇ ಉದುರಿ ನೆಲದ ಮೇಲೆ. ಯಾವುದು ಯಾವ ಚೀಲದ್ದು? ಮತ್ತೆ ಮೊದಲಿನಿಂದ. ರಟ್ಟಿನ ಚೀಟಿ ಕತ್ತರಿಸಿ, ಸ್ಟಿಕ್ಕರ್ ಅದರ ಮೇಲೆ ಹಚ್ಚಿ, ಚೀಲದ ಬಾಯಿಗೆ ದಾರದಿಂದ ಕಟ್ಟಿದೆವು. ಡಬ್ಬಿಯೊಳಗಿನ ಪುಸ್ತಕದಲ್ಲಿ ಇದನ್ನೇ ಬರೆದಿತ್ತು, ಬಟ್ಟೆಯ ಚೀಲವಿದ್ದರೆ ಚೀಟಿ ಕಟ್ಟಿ ಅಂತ. ಅದನ್ನು ಓದಿದ್ದು ಕಟ್ಟಿದ ಮೇಲೆ.

ನಾನು ಲ್ಯಾಬಿಗೆ ಮರಳಿದೆ, ಬ್ಯಾಡಗಿಯಿಂದ ಎಂಟ್ರಿಗಳು ಸರಸರ ಬರತೊಡಗಿದವು. ನನಗೆ ಖುಷಿಯಾಯಿತು. ಸಮಯ ನೋಡಿದೆ. ಗೋಡೌನಿನ ಈ ತುದಿಯ ಚೀಲ, ಆ ತುದಿಯ ಚೀಲ, ಅಟ್ಟದ ಮೇಲಿನ ಚೀಲ, ಎಲ್ಲ ಒಂದೇ ನಿಮಿಷದೊಳಗೆ ಸ್ಕ್ಯಾನ್ ಆಗಿದ್ದವು. ಮಾಸ್ತರಿಗೆ ರೆಕ್ಕೆ ಬಂದಿದ್ದವೇ?

ಬಸ್ ಹತ್ತಿ ಬ್ಯಾಡಗಿಗೆ ಹೋದೆ. ಆತ ತನ್ನ ಕುರ್ಚಿಯಲ್ಲೇ ಕೂತಿದ್ದ. ಎಲ್ಲ ಬಾರ್‌ಕೋಡುಗಳನ್ನೂ ಇನ್ನೊಂದು ಸಲ ಪ್ರಿಂಟ್ ತೆಗೆದು, ಒಂದು ಹಾಳೆಗೆ ಸಾಲಾಗಿ ಹಚ್ಚಿ, ಫ್ಯಾನಿನ ಕೆಳಗೆ ಕೂತು ಟಿಂವ್ ಟಿಂವ್ ಅಂತ ಸ್ಕ್ಯಾನ್ ಮಾಡುತ್ತಿದ್ದ.

“ಇದೇನು ಮಾಸ್ತರ?”

ಎದ್ದು ನಿಂತ. “ಮೇಡಂ, ಗೋಡೌನಿನ್ಯಾಗ ಘಾಟು ಎಷ್ಟೈತಿ ಗೊತ್ತೈತೇನ್ರಿ? ಒಳಗ ಹೊಕ್ಕರ ಕೆಮ್ಮಿ ಕೆಮ್ಮಿ ಕರುಳ ಹೊರಗ ಬರ್ತಾವ. ಕೋಡ್ ಅದ ಅಲ್ರೀ, ಇಲ್ಲಿ ಹೊಡದ್ರೇನು, ಅಲ್ಲಿ ಹೊಡದ್ರೇನು?”

“ಚೀಲ ಅಲ್ಲಿ ಅದನೋ ಇಲ್ಲೋ ಅಂತ ನೋಡಬೇಕಂತನ ಅಲ್ಲಿ ಹೊಡಿಯೋದು.”

“ಅತ್ತಿಗೆ ಹ್ಯಾಂಗ್ ಗೊತ್ತಾಗ್ಬೇಕ್ರಿ?”

“ಅತ್ತಿಗೆ ಗೊತ್ತಾಗೂದಿಲ್ಲ. ಹಲಗೇರಿ ಆಪಾಗ ಗೊತ್ತಾಗ್ತದ.”

ಆ ಮಾತಿಗೆ ಅವನು ತಲೆ ತಗ್ಗಿಸಿದ. ಆಪಾರ ಬೀಜಕ್ಕೆ ಬಣ್ಣ ಹಾಕುವಾಗ ಅವನೇ ಎದುರಿಗೆ ನಿಂತಿದ್ದನಂತೆ. ಹಾಳೆ ಹರಿದು ಬುಟ್ಟಿಗೆ ಹಾಕಿದ. ಒದ್ದೆ ಟವೆಲ್ ಮೂಗಿಗೆ ಕಟ್ಟಿಕೊಂಡು ಒಳಗೆ ಹೋದೆವು. ನಾನು ಚೀಲದ ಮೇಲಿನ ನಂಬರ್ ಓದುವುದು, ಅವನು ಚೀಟಿ ಸ್ಕ್ಯಾನ್ ಮಾಡುವುದು. ಪೊರೆ ತೆಗೆಸಿದ ಕಣ್ಣು, ಡಾಕ್ಟರ್ ಧೂಳಿಗೆ ಹೋಗಬೇಡಿ ಅಂದಿದ್ದರು. ಉರಿದು ನೀರು ಸುರಿಯುತ್ತಿತ್ತು. ಮಧ್ಯದಲ್ಲಿ ಅವನು ಕೆಮ್ಮುತ್ತಲೇ, “ಮೇಡಂ, ನೀವು ಹೊರಗ ಕುಂದ್ರಿ. ನಾ ಖರೇನ ಮಾಡ್ತೇನಿ, ದೇವ್ರಾಣಿ,” ಅಂದ. ಕೂತೆ. ಒಳಗಿಂದ ಅವನು ಒಂದೊಂದು ನಂಬರನ್ನೂ ಕೂಗಿ ಹೇಳುತ್ತಿದ್ದ, ನಾನು ನಂಬಲಿ ಅಂತ.

ಎಲ್ಲ ಮುಗಿದಾಗ ಅದಲು ಬದಲಾದ ಜೋಡಿಗಳು ಬೆಳಕಿಗೆ ಬಂದವು. ಹೆಚ್ಚಿನವು ಎರಡೂ ಪಾಸಾದವೇ. ಘಾತವಾದದ್ದು ಐದು-ಎಂಟು, ಎಂಟು-ಐದರ ಜೋಡಿಯಲ್ಲಿ. ಎಂಟು-ಐದರ ಪ್ಯಾಕೆಟುಗಳಲ್ಲಿ ಗೋಡೌನಿನಲ್ಲಿದ್ದದ್ದು ನಿಂತಿತು, ದಾರಿಯಲ್ಲಿದ್ದದ್ದು ತಿರುಗಿ ಬಂತು. ಅಷ್ಟರಲ್ಲಿ ಮಾರಾಟವಾಗಿ ಮಡಿಗೆ ಬಿದ್ದದ್ದನ್ನು ಯಾರು ಕರೆಯಬೇಕು? ಅದು ಯಾವ ಜಿಲ್ಲೆಯ ಯಾವ ಹೊಲದಲ್ಲಿ, ಯಾರು ಕಾಯುತ್ತಾ ಕೂತಿದ್ದಾರೋ ಎಂಬುದನ್ನು ಆಗ ನಮ್ಮ ಯಾವ ಶೀಟೂ ಹೇಳುತ್ತಿರಲಿಲ್ಲ.

ಹೊಸ ರಿಪೋರ್ಟ್ ತಗೊಂಡು ನಾನೇ ಹಲಗೇರಿಗೆ ಹೋದೆ. ಅಂಚೆಗೆ ಹಾಕುವುದು ಸರಿ ಅನ್ನಿಸಲಿಲ್ಲ. ಆಪಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಹೇಳಿದೆ. ಲಾಟು ಪಾಸು, ಮುಂದಿನ ಹಂಗಾಮಿಗೆ ಬೀಜ ಕೊಡುತ್ತಾರೆ, ಹೆಣ್ಣುಮಕ್ಕಳ ಮೇಲೆ ಯಾವ ಮಾತೂ ಇಲ್ಲ, ಹೂತ ಬೀಜದ ದುಡ್ಡು ಕಂಪನಿ ಕೊಡುತ್ತದೆ. ಅವರು ಬೂದಿಯ ಕೈ ಹಾಗೇ ಹಿಡಿದುಕೊಂಡು ಕೂತರು. “ಹಂಗಾರ ಆ ಹುಡುಗಿ?” ಅಂದರು.

“ಆಕೀದು ಏನೂ ತಪ್ಪಿಲ್ಲ ಆಪಾ. ಹೊಲದಾಗ ನಾನ ನೋಡೀನಿ. ಎಲ್ಲಾರ ಕೈನೂ ಶುದ್ಧ.”

“ನಾ ಎಲ್ಲಾರ ಮುಂದ ಅಂದೇನ್ರಿ,” ಅಂದರು. “ಆಕಿ ಅಳಲಿಲ್ಲ. ಇಕ್ಕಳ ನನ್ನ ಮುಂದ ಇಟ್ಟು ಹೋದ್ಲು.”

ಮರುವಾರ ಇಬ್ಬರೂ ಹೊಸರಿತ್ತಿಗೆ ಹೋದೆವು. ಬರ್ರಿ ಬಾಯಾರ, ನೀವು ಹೇಳಿದರೆ ಆಕಿ ಕೇಳತಾಳ ಅಂತ ಆಪಾ ಕರೆದಿದ್ದರು. ಹಾವೇರಿಯಲ್ಲಿ ಬಸ್ ಬದಲಿಸುವಾಗ ಬಾಳೆಹಣ್ಣು, ಬಿಸ್ಕೀಟು ಕೊಂಡರು, ಅಣ್ಣನ ಮಗಳಿಗೆ ಬಳೆ ಕೊಂಡರು. ಬಸ್ಸಿನಲ್ಲಿ ಆ ಬಳೆಯನ್ನು ನಾಲ್ಕು ಸಲ ತೆಗೆದು ನೋಡಿದರು, ಅಳತೆ ಸರಿಯೋ ಇಲ್ಲವೋ ಅಂತ.

ಸಣ್ಣ ಮನೆ, ಸಾರಿಸಿದ ಅಂಗಳ. ಹುಡುಗಿ ನನಗೆ ಕುರ್ಚಿ ಹಾಕಿದಳು, ಆಪಾಗೆ ಚಾಪೆ. ಚಹಾ ತಂದಳು, ಮೊದಲು ನನಗೆ. ಆಪಾರ ಕಪ್ಪನ್ನು ಕೈಗೆ ಕೊಡದೆ ನೆಲದ ಮೇಲಿಟ್ಟಳು. ಒಂದು ಸಲವೂ ಅವರ ಮುಖ ನೋಡಲಿಲ್ಲ. ನಾನು ಎಲ್ಲ ಹೇಳಿದೆ, ಎಷ್ಟು ಸರಳವಾಗಿ ಆಗುತ್ತದೋ ಅಷ್ಟು: ಗೀಟು, ತಾರೀಖು, ಬ್ಯಾಡಗಿಯ ಲ್ಯಾಪ್‌ಟಾಪು, ಹೆಸರು ಅದಲು ಬದಲಾದದ್ದು. ಅವಳು ಪೂರಾ ಕೇಳಿದಳು. ನಡುವೆ ಒಂದು ಕಡೆ ತಡೆದು, “ಅಂದ್ರ ಎಂಟು-ಐದರಾಕಿ ಪಾಸ್ ಆಗಿದ್ಲೇನ್ರಿ?” ಅಂದಳು. ನನಗಿಂತ ಬೇಗ ತಿಳಿದುಕೊಂಡಿದ್ದಳು.

ಮುಗಿದ ಮೇಲೆ ಅವಳು ನನ್ನ ಕಪ್ಪು ತೆಗೆದು ಬದಿಗಿಟ್ಟಳು.

“ನಿಮ್ಮ ಮಷೀನಿಗೆ ನಾ ಗೊತ್ತಿಲ್ರಿ ಬಾಯಾರ,” ಅಂದಳು. “ಅದು ಏನರ ಅನ್ನಲಿ. ಫುಪ್ಪುಗ ನಾ ಗೊತ್ತಿದ್ದೆ. ಸಣ್ಣಾಕಿದ್ದಾಗಿಂದ ನನ್ನ ಕೈ ನೋಡ್ಯಾಳ. ಸೂಜ್ಯಾಗ ದಾರ ಪೋಣಸಾಕ ನನ್ನ ಕರೀತಿದ್ಲು.”

ಫುಪ್ಪು ಅಂದರೆ ಅಪ್ಪನ ತಂಗಿ. ಆಪಾ ಬಾಯಿ ತೆರೆದರು, “ಬೇಟಾ...” ಅಂದರು. ಹುಡುಗಿ ಎದ್ದು ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ಒಳಗೆ ನೀರಿನ ಸದ್ದು ಬಂತು, ಆಮೇಲೆ ಅದೂ ನಿಂತಿತು. ಮತ್ತೆ ಹೊರಗೆ ಬರಲಿಲ್ಲ.

ಬಸ್‌ಸ್ಟ್ಯಾಂಡಿಗೆ ನಡೆದೆವು. ಬಳೆಯ ಪೊಟ್ಟಣ ಆಪಾರ ಕೈಯಲ್ಲೇ ಉಳಿದಿತ್ತು. ಹೊಸ್ತಿಲ ಮೇಲಾದರೂ ಇಟ್ಟು ಬರಬೇಕಿತ್ತು ಅಂತ ನನಗನ್ನಿಸಿತು. ಮುಂದಿನ ಹಂಗಾಮಿಗೆ ಬೀಜ ತಗೊಳ್ಳುತ್ತೀರೇನು ಅಂತ ಕೇಳಿದೆ, ಏನಾದರೂ ಕೇಳಬೇಕು ಅಂತ.

“ಯಾರ್ ಕೈಲೆ ಮಾಡಸ್ಲಿ?” ಅಂದರು. “ಹಳಬರು ನನ್ನ ಮುಂದ ಈಗ ಹಾಡೂದು ಬಿಟ್ಟಾರ್ರಿ. ನಾಳೆ ನಮ್ಮ ಮ್ಯಾಲೂ ಅಂತಾಳ ಅಂತ ಹೆದರ್‍ಯಾರ.”

ಹಾವೇರಿಯ ಬಸ್ ಬಂತು. ನನ್ನನ್ನು ಕೈ ಹಿಡಿದು ಹತ್ತಿಸಿದರು, ಚೀಲ ಕೊಟ್ಟರು. ಅವರೂ ಹತ್ತುತ್ತಾರೆ ಅಂತ ಪಕ್ಕದ ಸೀಟಿನ ಮೇಲೆ ನನ್ನ ಕೋಲು ಇಟ್ಟು ಜಾಗ ಹಿಡಿದೆ. ಅವರು ಕೆಳಗೇ ನಿಂತರು.

“ಹತ್ರಿ ಆಪಾ, ಬಿಡ್ತಾನ.”

“ನೀವು ನಡೀರಿ ಬಾಯಾರ. ನಾ ಇನ್ನೊಂದು ಗಳಿಗಿ ಕುಂತು ಬರ್ತೇನಿ.”

ಕಂಡಕ್ಟರ್ ಸೀಟಿ ಊದಿದ. ಆ ತಿಂಗಳಿಗೇ ನನ್ನ ಕರಾರು ಮುಗಿಯಿತು, ರಿನ್ಯೂ ಮಾಡಲಿಲ್ಲ. ಹಲಗೇರಿಯ ಕಡೆ ಹೋಗುವ ಕಾರಣ ಮತ್ತೆ ಹುಟ್ಟಲಿಲ್ಲ. ಅವತ್ತು ಬಸ್ ಆ ಓಣಿ ಕಾಣುವ ತಿರುವಿನಲ್ಲಿ ಜನ ಹತ್ತಿಸಿಕೊಳ್ಳಲು ನಿಂತಾಗ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಆಪಾ ಬಸ್‌ಸ್ಟ್ಯಾಂಡ್ ಬಿಟ್ಟು ಅದೇ ಓಣಿಯೊಳಗೆ ತಿರುಗಿದ್ದರು. ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಬೇಗ ಬೇಗ ನಡೆಯುತ್ತಿದ್ದರು. ಆ ಮನೆಯ ಹತ್ತಿರ ಬಂದಾಗ ಹೆಜ್ಜೆ ನಿಧಾನವಾಯಿತು. ಬಾಗಿಲು ಹಾಕಿತ್ತು. ಅವರು ತಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು ಅಂಗಳದ ಅಂಚಿನಲ್ಲಿ, ಬಿಸಿಲಿನಲ್ಲೇ ಕೂತರು.